ಬದಿಯಡ್ಕದ ಮನೆಯಲ್ಲಿ ಮೂರು ಭಾಷೆಯ ಹಾಡಿನ ಸ್ಪರ್ಧೆ

ಮೂಡುಬಿದಿರೆಯ ನಿಹಾಲ್ ತಾವ್ರೋ ಜೀ ಕನ್ನಡದ ಸರಿಗಮಪ 15ನೇ ಸೀಸನ್‌ನಲ್ಲಿ ಹಾಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಅದೇ ಹುಡುಗ ಇಂಡಿಯನ್ ಐಡಲ್ 12ಕ್ಕೆ ಹೋದ. ಒಂದೇ ದನಿಯನ್ನು ಎರಡು ಕಡೆ ಕೇಳಿದ ಮೇಲೆ ನನಗೆ ಹೋಲಿಸಿ ನೋಡುವ ಅಭ್ಯಾಸ ಬಂತು. ಕೇರಳಕ್ಕೆ ಸೇರಿದ ಕಾಸರಗೋಡಿನ ನಮ್ಮಂಥ ಕನ್ನಡದವರಿಗೆ ಮೂರನೆಯದೂ ಇದೆ, ಮಲಯಾಳ ಚಾನೆಲ್ ಏಷ್ಯಾನೆಟ್‌ನ ಸ್ಟಾರ್ ಸಿಂಗರ್. ಮಗಳು ಸಂಗೀತ ಕಲಿಯುತ್ತಿದ್ದಾಳೆ. ಅವಳ ಜೊತೆ ಮೂರನ್ನೂ ಕೂತು ನೋಡಿದ್ದೇನೆ.

ಇಂಡಿಯನ್ ಐಡಲ್ ದೊಡ್ಡ ಜಾತ್ರೆ. ವಾದ್ಯ, ಬೆಳಕು, ದೇಶದ ಎಲ್ಲ ಮೂಲೆಯಿಂದ ವೋಟು. 2021ರ ಆಗಸ್ಟ್ 15ರ ಫಿನಾಲೆ ಮಧ್ಯಾಹ್ನ ಶುರುವಾಗಿ ನಡುರಾತ್ರಿವರೆಗೆ, 12 ಗಂಟೆ ನಡೆಯಿತು. ಹೊರಗೆ ಮಳೆ. ಅಮ್ಮ ಅಡಿಕೆ ಸುಲಿಯುತ್ತಾ ಕೂತಿದ್ದರು. ಕೊನೆಯ ಆರು ಜನರಲ್ಲಿ ನಿಹಾಲ್ ಇದ್ದ. ಪವನ್‌ದೀಪ್ ರಾಜನ್ ಗೆದ್ದರು, ನಿಹಾಲ್‌ಗೆ ಐದನೇ ಸ್ಥಾನ. ಹೆಮ್ಮೆಯಾಯಿತು, ನಿಜ. ಆದರೆ ಹಿಂದಿ ಹಾಡಿನ ಮಾತು ಅಮ್ಮನಿಗೆ ತಲುಪುವುದಿಲ್ಲ. ಕಲಿಯುವ ಮಗುವಿಗೂ ಅಲ್ಲಿಂದ ಸಿಗುವುದು ಉತ್ಸಾಹವೇ ಜಾಸ್ತಿ, ಪಾಠ ಕಡಿಮೆ.

ಪಾಠ ಬೇಕಾದರೆ ಸ್ಟಾರ್ ಸಿಂಗರ್. ಹಿಂದಿನ ಸೀಸನ್‌ಗಳಲ್ಲಿ ತೀರ್ಪುಗಾರರಾಗಿದ್ದ ಸಂಗೀತ ನಿರ್ದೇಶಕ ಶರತ್ ಅವರ 'ಸಂಗತಿ' ಎಂಬ ಮಾತು ಇಡೀ ಕೇರಳದ ಬಾಯಲ್ಲಿ ಓಡಾಡಿತು. ನಮಗೆ ಸಂಗತಿ ಅಂದರೆ ವಿಷಯ ಅಲ್ವಾ? ಸಂಗೀತದಲ್ಲಿ ಅದು ಒಂದೇ ಸಾಲನ್ನು ಬೇರೆ ಬೇರೆಯಾಗಿ ಬೆಳೆಸಿ ಹಾಡುವುದು. ಅಂಥ ಮಾತು ಅಡುಗೆಮನೆವರೆಗೆ ಬಂದದ್ದು ಸಣ್ಣ ಕೆಲಸವಲ್ಲ. 2023ರಲ್ಲಿ ಕೆ. ಎಸ್. ಚಿತ್ರಾ, ಸಿತಾರಾ, ವಿಧು ಪ್ರತಾಪ್ ತೀರ್ಪುಗಾರರಾಗಿ ಕೂತ ಸೀಸನ್ ಅನ್ನು ಮಗಳು ನೋಟ್‌ಬುಕ್ ಹಿಡಿದು ನೋಡಿದಳು. ಎಲ್ಲಿ ಉಸಿರು ತಗೊಳ್ಳಬೇಕು, ಯಾವ ಸ್ವರ ಕೊಂಚ ಕೆಳಗೆ ನಿಂತಿತು, ಎಲ್ಲ ಬರೆದುಕೊಂಡಳು. ಎರಡೇ ತಿಂಗಳಲ್ಲಿ ಅವಳ ಶ್ರುತಿ ಗಟ್ಟಿಯಾಯಿತು.

ಸರಿಗಮಪದಲ್ಲಿ ಹೊಗಳಿಕೆ ಜಾಸ್ತಿ. ನಮ್ಮ ಪ್ಯಾಕ್‌ನಲ್ಲಿ ಆ ಚಾನೆಲ್‌ಗೆ ಬೇರೆ ದುಡ್ಡು ಕೊಡಬೇಕು. ಆದರೂ ಬಿಡಲಾರೆ. ಹಾವೇರಿ ಕಡೆಯ ಕುರಿಗಾಹಿ ಹನುಮಂತ ಜಾನಪದ ಹಾಡುತ್ತಾ 15ನೇ ಸೀಸನ್‌ನ ಎರಡನೇ ಸ್ಥಾನಕ್ಕೆ ಬಂದದ್ದು ಇಲ್ಲಿಯೇ. ಮಹಾಗುರು ಹಂಸಲೇಖ ಒಂದು ಪದ ಹಿಡಿದು ಬಿಡಿಸಿ ಹೇಳುತ್ತಿದ್ದಾಗ ಅಮ್ಮ ಅಡಿಕೆ ಕೆಳಗಿಡುತ್ತಿದ್ದರು.

ಹಾಗೆ ಪದ ಬಿಡಿಸಿ ಹೇಳುವುದರ ಬೆಲೆ ಗೊತ್ತಾದದ್ದು ಕಳೆದ ವರ್ಷ. ಶಾಲಾ ಮಕ್ಕಳ ಉಪಜಿಲ್ಲಾ ಕಲೋತ್ಸವದಲ್ಲಿ ಕನ್ನಡ ಕಂಠಪಾಠಕ್ಕೆ, ಅಂದರೆ ಪದ್ಯ ಹೇಳುವ ಸ್ಪರ್ಧೆಗೆ, ಮಗಳು ಅಭ್ಯಾಸ ಮಾಡುತ್ತಿದ್ದಳು. ಶ್ರುತಿ ಚೊಕ್ಕವಾಗಿತ್ತು. 'ಗಂಧ' ಬಂದಾಗ ಮಾತ್ರ ಅವಳ ಬಾಯಲ್ಲಿ 'ಗೆಂಧ' ಆಯಿತು. ಮಲಯಾಳದಲ್ಲಿ ಪದದ ಮೊದಲಿನ ಗ, ದ, ಬ ಹೀಗೇ ಎಕಾರದ ಕಡೆ ವಾಲುತ್ತವೆ. ಅವರಿಗೆ ಅದು ಸರಿ, ಚಂದವೂ ಹೌದು. ನಮ್ಮ ಪದ್ಯಕ್ಕೆ ಒಗ್ಗುವುದಿಲ್ಲ.

ಈಗ ವಾರದ ದಿನಗಳಲ್ಲಿ ಮಗಳು ಫೋನಿನಲ್ಲಿ ಸ್ಟಾರ್ ಸಿಂಗರ್‌ನ ಹಳೆಯ ಹಾಡು ಕೇಳಿ ಸಾಧನೆ ಮಾಡುತ್ತಾಳೆ. ಸರಿಗಮಪ ಇರುವಾಗ ವಾರದ ಕೊನೆಯಲ್ಲಿ ಎಲ್ಲರೂ ಟಿವಿ ಮುಂದೆ. ಹಾಡು ಮುಗಿದ ಕೂಡಲೇ ಅಮ್ಮ ಒಂದು ಪದ ಆರಿಸಿ ಅವಳಿಂದ ಹೇಳಿಸುತ್ತಾರೆ. ಮೊನ್ನೆ 'ಬಳ್ಳಿ' ಬಂತು. ಮೂರನೇ ಸಲಕ್ಕೆ ಸರಿಯಾಯಿತು.