ಆರು ವರ್ಷ ಫೋಟೋ ಕ್ಲಬ್ ಸದಸ್ಯತ್ವ: ಕೊಟ್ಟ ದುಡ್ಡಿಗೆ ತಕ್ಕಷ್ಟು ಬೈಗುಳ ಸಿಕ್ಕಿತಾ?

ಕ್ಯಾಮೆರಾ, ಲೆನ್ಸು, ಟ್ರೈಪಾಡು, ಬ್ಯಾಗು, ಎಲ್ಲದಕ್ಕೂ ವಿಮರ್ಶೆ ಬರೆಯುವವರಿದ್ದಾರೆ. ನಾನು ಆರು ವರ್ಷದಿಂದ ದುಡ್ಡು ಕಟ್ಟಿ ಬಳಸುತ್ತಿರುವ ಸೇವೆಯ ಬಗ್ಗೆ ಮಾತ್ರ ಯಾರೂ ಬರೆದದ್ದು ನೋಡಿಲ್ಲ. ಮೈಸೂರಿನ ಒಂದು ಫೋಟೋ ಕ್ಲಬ್ಬಿನ ಸದಸ್ಯತ್ವ ಅದು. ಹೆಸರು ಹಾಕುವುದಿಲ್ಲ. ದೂರುಗಳಿವೆ, ಮುಂದಿನ ತಿಂಗಳು ಅದೇ ಜನರ ಪಕ್ಕ ಕೂತು ಕಾಫಿ ಕುಡಿಯಬೇಕು.

ವರ್ಷಕ್ಕೆ 1,500 ರೂಪಾಯಿ. ನಾನು ಸೇರಿದಾಗ 1,000 ಇತ್ತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಭೆ. ಒಬ್ಬೊಬ್ಬರು ಎರಡು ಫೋಟೋ ಕಳಿಸಬಹುದು, ಹೆಸರು ಹೇಳದೆ ಪರದೆ ಮೇಲೆ ಹಾಕುತ್ತಾರೆ. ಹಿರಿಯರೊಬ್ಬರು ಅಥವಾ ಹೊರಗಿಂದ ಕರೆಸಿದ ತೀರ್ಪುಗಾರರು ಮೊದಲು ಮಾತಾಡುತ್ತಾರೆ, ಆಮೇಲೆ ಬೇಕಾದವರು. ಹೆಸರಿಲ್ಲ ಅನ್ನುವುದು ಸುಮ್ನೆ ಮಾತಿಗೆ. ಮೂರು ತಿಂಗಳು ಹೋದರೆ ಯಾರದ್ದು ಯಾವುದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನನ್ನದು ಬಂದಾಗ ನಾನು ನೆಲ ನೋಡುತ್ತಿರುತ್ತೇನಂತೆ, ಪಕ್ಕದವರು ಹೇಳಿದರು.

ಮೊದಲ ಸಲ ಕಳಿಸಿದ್ದು ರಂಗನತಿಟ್ಟಿನ ಬಣ್ಣದ ಕೊಕ್ಕರೆ, ಬಾಯಲ್ಲಿ ಕಡ್ಡಿ ಹಿಡಿದು ಹಾರುತ್ತಿರುವುದು. ಅಲುಗಾಡುವ ದೋಣಿಯಲ್ಲಿ ಕೂತು, ಪಕ್ಕದ ಬಂಡೆ ಮೇಲಿನ ಮೊಸಳೆಯನ್ನೂ ನೋಡದೆ ತೆಗೆದದ್ದು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ ಹೊಗಳಿದ್ದರು. ಸಭೆಯಲ್ಲಿ ಹನ್ನೆರಡು ಸೆಕೆಂಡು ನಿಂತಿತು. "ರೆಕ್ಕೆ ತುದಿ ಕಟ್ ಆಗಿದೆ. ಆಕಾಶ ಸತ್ತಿದೆ. ಮುಂದಿನದು." ಅಷ್ಟೇ. ನೂರು ಕಿಲೋಮೀಟರ್ ದೂರದಿಂದ ಬಂದಿದ್ದ ಹಾಗೆ ಸುಸ್ತಾಯಿತು. ಆದರೆ ರೆಕ್ಕೆ ತುದಿ ಕಟ್ ಆಗಿದ್ದು ನಿಜವೇ. ಆ ಫೋಟೋವನ್ನು ನಾನು ದಿನಕ್ಕೆ ನಾಲ್ಕು ಸಲ ನೋಡಿದ್ದೆ, ಒಂದು ಸಲವೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಇಲ್ಲಿಗೆ ಬಂದರೆ ಗ್ಯಾರಂಟಿ ಸಿಗುವುದು ಇದು. ಅಂಚು ನೋಡುವ ಅಭ್ಯಾಸ. ವಾಲಿದ ದಿಗಂತ, ತಲೆ ಮೇಲೆ ಹುಟ್ಟಿದ ಟ್ಯೂಬ್‌ಲೈಟು, ಮೂಲೆಯಲ್ಲಿ ಇಣುಕುವ ಯಾರದ್ದೋ ಚಪ್ಪಲಿ. ಒಂದು ವರ್ಷದಲ್ಲಿ ಇದೆಲ್ಲ ಕ್ಲಿಕ್ ಮಾಡುವಾಗಲೇ ಕಾಣಲು ಶುರುವಾಯಿತು. ಬರೀ ಇಷ್ಟಕ್ಕೇ ಒಂದು ವರ್ಷದ ದುಡ್ಡು ಬಂತು ಅಂತ ನಾನು ಲೆಕ್ಕ ಹಾಕುತ್ತೇನೆ.

ಎರಡನೇ ವರ್ಷದಿಂದ ತೊಂದರೆ. ಕ್ಲಬ್ಬಿನಲ್ಲಿ ಜಾಸ್ತಿ ಜನ ಸಲೋನ್‌ಗಳಿಗೆ, ಅಂದರೆ ಫೋಟೋ ಸ್ಪರ್ಧೆಗಳಿಗೆ, ಫೋಟೋ ಕಳಿಸುವವರು. ಫಿಯಾಪ್ ಅಂತ 1950ರಲ್ಲಿ ಯುರೋಪಿನಲ್ಲಿ ಶುರುವಾದ ಅಂತರರಾಷ್ಟ್ರೀಯ ಫೋಟೋ ಒಕ್ಕೂಟವಿದೆ, ಅಮೆರಿಕದ ಪಿಎಸ್‌ಎ ಅನ್ನುವ ಫೋಟೋ ಸಂಘವಿದೆ. ಅವು ಮಾನ್ಯತೆ ಕೊಟ್ಟ ಸ್ಪರ್ಧೆಗಳಲ್ಲಿ ಫೋಟೋಗಳು ಸ್ವೀಕಾರ ಆಗುತ್ತಾ ಹೋದರೆ ಹೆಸರಿನ ಮುಂದೆ ಹಾಕಿಕೊಳ್ಳಲು ಬಿರುದು ಸಿಗುತ್ತದೆ. ತಪ್ಪೇನಿಲ್ಲ. ಆದರೆ ಆ ಸ್ಪರ್ಧೆಗಳಲ್ಲಿ ಸಾವಿರಾರು ಫೋಟೋ ಬಂದಿರುತ್ತವೆ, ತೀರ್ಪುಗಾರರು ಒಂದೊಂದನ್ನು ಕೆಲವೇ ಸೆಕೆಂಡು ನೋಡಿ ಅಂಕ ಒತ್ತುತ್ತಾರೆ. ಅಷ್ಟರಲ್ಲಿ ಕಣ್ಣಿಗೆ ಹೊಡೆಯಬೇಕು ಅಂದರೆ ಒಂದೇ ವಸ್ತು, ಹಿಂದೆ ಕಪ್ಪು, ಅಂಚಿಗೆ ಬೆಳಕಿನ ಗೆರೆ. ನಮ್ಮ ಸಭೆಯ ಸಲಹೆಗಳೂ ಮೆಲ್ಲಗೆ ಅದೇ ಅಚ್ಚಿಗೆ ಬಿದ್ದಿವೆ. ಹಿಂದಿನದ್ದು ಬ್ಲರ್ ಮಾಡಿ, ಕ್ರಾಪ್ ಮಾಡಿ, ಕಪ್ಪು ಮಾಡಿ. ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಯನ್ನು ನಾನೊಬ್ಬನೇ ಇಪ್ಪತ್ತು ಜನರ ಕೈಯಲ್ಲಿ ನೋಡಿದ್ದೇನೆ, ಯಾವುದು ಯಾರದ್ದು ಅಂತ ಕೇಳಿದರೆ ತೆಗೆದವರಿಗೂ ಗೊತ್ತಾಗಲಿಕ್ಕಿಲ್ಲ.

ಅದೇ ಮಾರುಕಟ್ಟೆಯ ಒಂದು ಫೋಟೋ ಕಥೆ ಹೇಳಲೇಬೇಕು. ಹೂ ಮಾರುವ ಅಮ್ಮ ಒಬ್ಬರು ಮೊಣಕೈಯಿಂದ ಬೆರಳ ತುದಿವರೆಗೆ ಮಲ್ಲಿಗೆ ಹಿಡಿದು ಮೊಳ ಹಾಕುತ್ತಿದ್ದಾರೆ, ಕಣ್ಣು ಮಾತ್ರ ಗಿರಾಕಿ ಮೇಲೆ. ಅವತ್ತು ಹೊರಗಿಂದ ಬಂದಿದ್ದ ತೀರ್ಪುಗಾರರು ಒಳ್ಳೆಯ ಮಾತೇ ಆಡಿದರು. "ಮುಖದ ಭಾವ ಚೆನ್ನಾಗಿದೆ. ಬಲಗಡೆ ಕೈ ಅಡ್ಡ ಬರ್ತಾ ಇದೆ, ಮುಖಕ್ಕೆ ಟೈಟ್ ಆಗಿ ಕ್ರಾಪ್ ಮಾಡಿ." ನಾನು ತಲೆಯಾಡಿಸಿದೆ, ಬರೆದುಕೊಂಡೆ. ಹಿಂದಿನ ಸಾಲಿನಿಂದ ಒಬ್ಬರು ಮೇಡಂ ಎದ್ದರು. ನಿವೃತ್ತ ಟೀಚರ್, ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ. "ಸರ್, ಕೈ ಹೋದ್ರೆ ಮೊಳ ಹೋಯ್ತಲ್ಲ. ನನಗೆ ಕಾಣ್ತಾ ಇರೋದು ಏನಂದ್ರೆ, ಆಯಮ್ಮನ ಮೊಣಕೈ ಸ್ವಲ್ಪ ಮಡಚಿದೆ. ಗಿಡ್ಡ ಮೊಳ ಹಾಕ್ತಿದಾಳೆ. ಅದಕ್ಕೇ ಗಿರಾಕಿ ಮುಖ ನೋಡ್ತಿರೋದು, ಗೊತ್ತಾಯ್ತೋ ಇಲ್ಲವೋ ಅಂತ."

ಇಡೀ ಹಾಲ್ ನಕ್ಕಿತು. ನಾನು ಮಾತ್ರ ತೆಪ್ಪಗಾದೆ. ನಿಜ ಹೇಳಬೇಕೆಂದರೆ ನಾನು ಕ್ಲಿಕ್ ಮಾಡಿದ್ದು ಮುಖಕ್ಕೇ. ಕೈ ಚೌಕಟ್ಟಿನೊಳಗೆ ಬಂದದ್ದು ನನ್ನ ಲೆನ್ಸು ಅಗಲವಿದ್ದದ್ದಕ್ಕೆ.

ಅವತ್ತಿನಿಂದ ಸಭೆಯಲ್ಲಿ ನಾನು ಮಾತುಗಳನ್ನು ಬೇರೆ ಬೇರೆ ಮಾಡಿ ಕೇಳುತ್ತೇನೆ. ಏನು ಮಾಡಬೇಕಿತ್ತು ಅಂತ ಹೇಳುವವರು ಮೂವತ್ತು ಜನ. ಏನು ಕಾಣುತ್ತಿದೆ ಅಂತ ಹೇಳುವವರು ಮೂರೋ ನಾಲ್ಕೋ. ನಾನು ದುಡ್ಡು ಕಟ್ಟುವುದು ಆ ನಾಲ್ಕು ಜನಕ್ಕೆ. ಅವರು ಬಂದಿಲ್ಲ ಅಂತ ಗೊತ್ತಾದರೆ ಆ ತಿಂಗಳು ನಾನೂ ಹೋಗುವುದಿಲ್ಲ.

ಅವರಲ್ಲಿ ಇನ್ನೊಬ್ಬರು ಹಿರಿಯರು, ಕಾಡು ಹಕ್ಕಿ ಅಂತ ಫಿಲ್ಮ್ ಕಾಲದಿಂದ ಓಡಾಡಿದವರು. ಮೂರನೇ ವರ್ಷ ನಾನು ಸೂರಕ್ಕಿ ಗೂಡಿನ ಫೋಟೋ ತಂದಿದ್ದೆ. ಮರಿಗಳ ಬಾಯಿ ತೆರೆದಿದೆ, ತಾಯಿ ಬಂದಿದೆ, ಹಿನ್ನೆಲೆ ಹಸಿರು ಬೆಣ್ಣೆಯ ಹಾಗೆ. ಬಹುಮಾನ ಗ್ಯಾರಂಟಿ ಅಂದುಕೊಂಡಿದ್ದೆ. ಅವರು ಫೋಟೋ ಬಗ್ಗೆ ಒಂದು ಮಾತೂ ಆಡಲಿಲ್ಲ. "ಎಷ್ಟು ಹೊತ್ತು ನಿಂತಿದ್ರಿ? ನಿಮ್ಮನ್ನ ನೋಡಿ ತಾಯಿ ಎಷ್ಟು ಸಲ ವಾಪಸ್ ಹೋಯ್ತು? ಮುಂದಿನ ಕೊಂಬೆ ಯಾರು ಪಕ್ಕಕ್ಕೆ ಕಟ್ಟಿದ್ದು?" ಶಟರ್ ಸ್ಪೀಡ್ ಸೆಕೆಂಡಿನ ಸಾವಿರದಲ್ಲೊಂದು ಪಾಲು ಅಂತ ನನಗೆ ಬಾಯಿಪಾಠ ಇತ್ತು. ಹಕ್ಕಿ ಎಷ್ಟು ಸಲ ತಿರುಗಿ ಹೋಯಿತು ಅಂತ ಎಣಿಸಿರಲಿಲ್ಲ. ಕೊಂಬೆ ಕಟ್ಟಿದ್ದು ನಾನೇ. ಎಲೆ ಮರೆ ಇಲ್ಲದ ಗೂಡು ಕಾಗೆಗೆ ಊಟದ ತಟ್ಟೆ ಇಟ್ಟ ಹಾಗೆ ಅಂತ ಆಮೇಲೆ ಕಾಫಿ ಹೊತ್ತಿನಲ್ಲಿ ಮೆಲ್ಲಗೆ ಹೇಳಿದರು, ಎಲ್ಲರ ಮುಂದೆ ಅಲ್ಲ. ಆ ಫೋಟೋ ಎಲ್ಲಿಗೂ ಕಳಿಸಲಿಲ್ಲ. ಗೂಡಿನ ಕಥೆ ಏನಾಯಿತು ಅಂತ ಹೋಗಿ ನೋಡುವ ಧೈರ್ಯವೂ ಆಗಲಿಲ್ಲ.

ಒಂದು ತಮಾಷೆ: ಅದೇ ಕ್ಲಬ್ಬಿನಲ್ಲಿ ಒಬ್ಬರು "ಆ ಕಡ್ಡಿ ಅಳಿಸಿಬಿಡಿ" ಅಂದರೆ ಇನ್ನೊಬ್ಬರು ಹೌಹಾರುತ್ತಾರೆ. ಇಬ್ಬರೂ ಸರಿಯೇ. ಸಲೋನ್‌ಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಬೆಳಕು ತಿದ್ದಬಹುದು, ಆದರೆ ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ನಡೆಯುವುದಿಲ್ಲ. ಬೇರೆ ವಿಭಾಗಕ್ಕಾದರೆ ಅಳಿಸಿಕೊಳ್ಳಿ. ಯಾವುದಕ್ಕೆ ಅಂತ ಹೇಳದೆ ಸಲಹೆ ಕೊಡುವುದು ಇಲ್ಲಿನ ಮಾಮೂಲಿ ರೋಗ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ, ಕೇಳಿಬಿಡಿ, ನಾಚಿಕೆ ಬೇಡ.

ಈಗ ದೂರುಗಳು. ಪ್ರೊಜೆಕ್ಟರ್! ಹಸಿರು ಹೊಡೆಯುತ್ತದೆ, ನೆರಳೆಲ್ಲ ಬೂದಿ. ಅದರ ಮೇಲೆ ನಾನೊಮ್ಮೆ ಫೈಲನ್ನು ಎಸ್‌ಆರ್‌ಜಿಬಿ ಅನ್ನುವ ಮಾಮೂಲಿ ಬಣ್ಣದ ಮಾದರಿಗೆ ಬದಲಿಸದೆ ಅಡೋಬ್ ಆರ್‌ಜಿಬಿ ಅನ್ನುವ ಇನ್ನೊಂದು ಮಾದರಿಯಲ್ಲೇ ಕಳಿಸಿದ್ದೆ, ಅವರ ಹಳೇ ಸಾಫ್ಟ್‌ವೇರ್‌ಗೆ ಅದು ಅರ್ಥವಾಗದೆ ಬಣ್ಣ ಎಲ್ಲ ಪೇಲವ. ಸಂಜೆ ಬೆಳಕು ಹೇಗೆ ಬಳಸಬೇಕು ಅಂತ ಹತ್ತು ನಿಮಿಷ ಪಾಠ ಕೇಳಿದೆ. ಫೋಟೋ ತೆಗೆದದ್ದು ಸಂಜೆ ಬೆಳಕಿನಲ್ಲೇ. ಪ್ರೊಜೆಕ್ಟರ್ ಬದಲಿಸಿ ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದೇವೆ.

ವಾಟ್ಸಾಪ್ ಗುಂಪು ಅಂತೂ ಬಿಡಿ. "ಸೂಪರ್ ಸರ್", "ಗುಡ್ ಲೈಟ್", ಎರಡು ಹೂಗುಚ್ಛ. ನಾನು ಅವರದ್ದಕ್ಕೆ ಹಾಕಿದರೆ ಅವರು ನನ್ನದಕ್ಕೆ ಹಾಕುತ್ತಾರೆ, ಮದುವೆ ಮುಯ್ಯಿ ಇದ್ದ ಹಾಗೆ.

ಇನ್ನೊಂದು ದೂರು ನನ್ನ ಮೇಲೆಯೇ. ನಾಲ್ಕನೇ ವರ್ಷಕ್ಕೆ ನನಗೂ ಬಾಯಿ ಬಂದಿತ್ತು. ಹೊಸದಾಗಿ ಸೇರಿದ ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದದ್ದು ತಂದಿದ್ದ. ಆಟೋದ ಹಿಂದಿನ ಸೀಟಿನಲ್ಲಿ ಮುದುರಿ ಮಲಗಿರುವ ಡ್ರೈವರ್, ಕಾಲು ಹೊರಗೆ. "ಇದು ಬರೀ ಸ್ನ್ಯಾಪ್‌ಶಾಟ್, ಹೈಲೈಟ್ ಸುಟ್ಟಿದೆ, ಇದರಲ್ಲಿ ಏನಿದೆ?" ಅಂದುಬಿಟ್ಟೆ. ಕೇಳಿದ ಹಾಗೆ ಕಂಡರೂ ಅದು ಪ್ರಶ್ನೆ ಆಗಿರಲಿಲ್ಲ. ಅವನು "ನಮ್ಮಪ್ಪ ಸರ್" ಅಂದ. ಮತ್ತೆರಡು ಸಭೆಗೆ ಬಂದ, ಫೋಟೋ ತರಲಿಲ್ಲ, ಆಮೇಲೆ ನಿಲ್ಲಿಸಿದ. ಆ ಟೀಚರ್ ಮೇಡಂ ಇದ್ದಿದ್ದರೆ ಮೊದಲು ಆ ಕಾಲು ನೋಡುತ್ತಿದ್ದರು. ಈಗ ನಾನು ಬಾಯಿ ಬಿಡುವ ಮುಂಚೆ "ನನಗೆ ಕಾಣ್ತಾ ಇರೋದು" ಅಂತಲೇ ಶುರು ಮಾಡುತ್ತೇನೆ. ಸ್ವಲ್ಪ ಕಳ್ಳತನ ಇದು, ಮೇಡಂ ಮಾತು ಕದ್ದದ್ದು. ಆದರೆ ಹಾಗೆ ಶುರು ಮಾಡಿದರೆ ನಿಜವಾಗಿ ನೋಡಲೇಬೇಕಾಗುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸೇರಬೇಕಾ ಅಂದರೆ, ಮೊದಲ ವರ್ಷಕ್ಕೆ ಕಣ್ಣು ಮುಚ್ಚಿ ಸೇರಿ. ಆಮೇಲೆ ನಿಮ್ಮ ನಾಲ್ಕು ಜನ ಸಿಕ್ಕಿದರೆ ಮುಂದುವರಿಸಿ, ಸಿಗದಿದ್ದರೆ ಆ ದುಡ್ಡಿಗೆ ಪ್ರಿಂಟ್ ಹಾಕಿಸಿ. ಬಿರುದು ಬೇಕಾದವರಿಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ. ನನ್ನಂಥವರಿಗೆ ಮೂರೂವರೆ. ಅರ್ಧ ನಕ್ಷತ್ರ ಪ್ರೊಜೆಕ್ಟರ್‌ಗೆ ಕಡಿದದ್ದು.

ಏಪ್ರಿಲ್‌ನಲ್ಲಿ ಮತ್ತೆ 1,500 ಕಟ್ಟಿದ್ದೇನೆ. ಹೂವಿನ ಅಮ್ಮನ ಫೋಟೋ ಕ್ರಾಪ್ ಮಾಡದೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಪ್ರತಿ ಅವರಿಗೇ ಕೊಟ್ಟೆ. ನೋಡಿ ನಕ್ಕರು, ನನ್ನ ಹೆಂಡತಿಗೆ ಅಂತ ಒಂದು ಮೊಳ ಮಲ್ಲಿಗೆ ಕೊಟ್ಟರು. ಮೊಣಕೈ ಪೂರ್ತಿ ಚಾಚಿದ್ದರು, ನೋಡಿದೆ.