ರಂಗನತಿಟ್ಟು ದೋಣಿ ಸುತ್ತು: ನನ್ನ ಐದು ಸ್ಟಾರ್ ಹುಟ್ಟು ಹಾಕುವವರಿಗೆ

ಮಾರ್ಚ್‌ನಲ್ಲಿ ಅಮ್ಮ ಮತ್ತು ಮಗಳ ಜೊತೆ ರಂಗನತಿಟ್ಟಿಗೆ ಹೋಗಿದ್ದೆ. ಅಲ್ಲಿಯ ಹಕ್ಕಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ದೋಣಿಯವರ ಬಗ್ಗೆ ಬರೆಯಬೇಕು ಅನಿಸಿತು. ಅವರು ಅರಣ್ಯ ಇಲಾಖೆಯವರು. ಹುಟ್ಟು ಹಾಕುವುದು ಅರ್ಧ ಕೆಲಸ ಅಷ್ಟೇ, ಇನ್ನರ್ಧ ನಮ್ಮಂಥವರಿಂದ ಹಕ್ಕಿಗಳನ್ನು ಕಾಯುವುದು.

ದೋಣಿಯಲ್ಲಿ ಒಬ್ಬರು ದೊಡ್ಡ ಕ್ಯಾಮೆರಾ ಹಿಡಿದು ಕೂತಿದ್ದರು. "ಇನ್ನೊಂಚೂರು ಹತ್ರ ಹೋಗಣ್ಣ, ಬೇಕಾದ್ರೆ ಏನಾದ್ರೂ ಕೊಡ್ತೀನಿ" ಅಂದರು. ದೋಣಿಯಣ್ಣ ಸಿಟ್ಟಾಗಲಿಲ್ಲ. ಹುಟ್ಟು ಮೇಲೆತ್ತಿ, "ಆ ಬಂಡೆ ಮೇಲೆ ಏನ್ ಕಾಣ್ತದೆ ಸಾರ್?" ಅಂತ ಕೇಳಿದರು. ನಮಗೆ ಕಂಡಿದ್ದು ಒಂದು ರೀವ ಹಕ್ಕಿ, ಸುಮ್ನೆ ಕೂತಿದೆ ಅಷ್ಟೇ. ಅದು ಒಂಚೂರು ಪಕ್ಕಕ್ಕೆ ಸರಿದಾಗ ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದ ಮಗಳು "ಮೊಟ್ಟೆ!" ಅಂದಳು. ಕಲ್ಲಿನ ಬಣ್ಣದ್ದೇ, ಕಂದು ಚುಕ್ಕೆಯ ಎರಡು ಮೊಟ್ಟೆ. ಹುಲ್ಲಿಲ್ಲ, ಕಡ್ಡಿಯಿಲ್ಲ, ಬರೀ ಬಂಡೆ.

"ನಾವ್ ಹತ್ರ ಹೋದ್ರೆ ತಾಯಿ ಎದ್ದೋಯ್ತದೆ. ಅಷ್ಟರಲ್ಲಿ ಕಾಗೆ ಬತ್ತದೆ. ಕಾಗೆ ಬರ್ದಿದ್ರೂ ಈ ಬಿಸಿಲೇ ಸಾಕು" ಅಂದರು. ಆಮೇಲೆ ಹತ್ತಿರ ಹೋಗಿ ಅಂತ ಯಾರೂ ಕೇಳಲಿಲ್ಲ.

ವಾಪಸ್ ಬರುವಾಗ ನೀರಿಗೆ ಬಾಗಿದ ಒಂದು ಕೊಂಬೆಯಲ್ಲಿ ನೈಲಾನ್ ದಾರ ನೇತಾಡುತ್ತಿತ್ತು. ಯಾರೋ ಗಾಳ ಹಾಕಿದ್ದು ಹರಿದು ತೇಲಿ ಬಂದಿರಬೇಕು. ಅವರು ದೋಣಿ ತಿರುಗಿಸಿ, ಅದನ್ನು ಬಿಡಿಸಿ, ಬೆರಳಿಗೆ ಸುತ್ತಿ ಉಂಡೆ ಮಾಡಿ ಸೀಟಿನ ಕೆಳಗೆ ಹಾಕಿಕೊಂಡರು. ಅಲ್ಲಿ ಆಗಲೇ ಅಂಥದ್ದೇ ಇನ್ನೊಂದು ಉಂಡೆ ಇತ್ತು. ಹೆಜ್ಜಾರ್ಲೆಯ ಕಾಲಿಗೋ ರೆಕ್ಕೆಗೋ ಇದು ಸುತ್ತಿಕೊಂಡರೆ ಅದರ ಕಥೆ ಮುಗಿದಂತೆ, ಅಲ್ವಾ? ಯಾರೂ ಹೇಳದೆ, ಯಾರೂ ಗಮನಿಸದೆ ಹೀಗೆ ದಿನಾ ಎಷ್ಟು ತೆಗೆಯುತ್ತಾರೋ!

ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಮಹಾರಾಜರು 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ದೊಡ್ಡ ಗೌರವ, ನಿಜ. ಆದರೆ ಆ ಎರಡು ಮೊಟ್ಟೆ ಮರಿಯಾಗಬೇಕಾದರೆ ದೋಣಿ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವವರೊಬ್ಬರು ಹೊಳೆಯಲ್ಲಿ ಇರಲೇಬೇಕು.

ಹೋಗುವವರಿಗೆ: ಬೆಳಗ್ಗೆ ಬೇಗ ಹೋಗಿ, ಬಿಸಿಲೂ ಜನವೂ ಕಡಿಮೆ. ಗುಂಪಿನ ದೋಣಿಯ ಸುತ್ತು ಬೇಗ ಮುಗಿಯುತ್ತದೆ. ನಿಧಾನವಾಗಿ ನೋಡಬೇಕು ಅಂದರೆ ಬೇರೆ ದೋಣಿ ಮಾಡಿಸಿಕೊಳ್ಳಿ, ದುಡ್ಡು ಜಾಸ್ತಿ, ಆದರೂ ಕೊಡಬಹುದು. ಬಣ್ಣದ ಕೊಕ್ಕರೆ, ಬಾಯ್ಕಳಕ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲ ಸಿಕ್ಕವು. ಮಳೆಗಾಲದಲ್ಲಾದರೆ ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಿಕೊಂಡೇ ಹೊರಡಿ. ಹೊಳೆ ಏರಿದರೆ ದೋಣಿ ನಿಲ್ಲಿಸುತ್ತಾರೆ. ನಡುಗಡ್ಡೆಗಳ ಮಣ್ಣೂ ಮರವೂ ಕೊಚ್ಚಿ ಹೋಗುತ್ತವೆ. ನೀರು ಇಳಿದ ಮೇಲೆ ಮರಳಿನ ಚೀಲ ಪೇರಿಸಿ, ಗಿಡ ನೆಟ್ಟು, ಮುಂದಿನ ಗೂಡುಗಳಿಗೆ ಜಾಗ ಮಾಡುವವರೂ ಅರಣ್ಯ ಇಲಾಖೆಯವರೇ.