ಸೈಟ್‌ಗೆ ತಗೊಂಡ ಗ್ಯಾಸ್ ಬ್ಲೋವರ್ ಹೀಟರ್: ಮೂರು ಚಳಿಗಾಲ ಆದ್ಮೇಲೆ

ಮೂರು ಚಳಿಗಾಲ ಪೂರ್ತಿ ಬಳಸಿದೀನಿ, ಈಗ ಬರೆಯೋಣ ಅನ್ನಿಸ್ತು. ತೂಕ ಎಷ್ಟು, ವೈರ್ ಎಷ್ಟುದ್ದ ಅದೆಲ್ಲ ಬಾಕ್ಸ್ ಮೇಲೇ ಇರುತ್ತೆ, ನೋಡೇ ಇರ್ತೀರ. ನಂದು 15 ಕಿಲೋವ್ಯಾಟಿಂದು, ಪ್ರೊಪೇನ್ ಸಿಲಿಂಡರ್, ಒಳಗಿನ ಫ್ಯಾನ್‌ಗೆ ಕರೆಂಟ್. ನಮ್ಮದು ಪ್ಲಾಸ್ಟರ್, ಫಿನಿಶಿಂಗ್ ಕೆಲಸ, ಎಷ್ಟೋ ಸಲ ಕಿಟಕಿನೂ ಕೂರಿಸಿರಲ್ಲ, ಬೆಳಗ್ಗೆ ಕರಣೆ ಹಿಡಿದ್ರೆ ಬೆರಳು ಮರಗಟ್ಟಿ ಹೋಗುತ್ತೆ.

ಮೊದಲ ವರ್ಷ ನಂಗೆ ಇದರ ಮೇಲೆ ಪ್ರೀತಿನೇ ಬಂದುಬಿಟ್ಟಿತ್ತು. ಎಲ್ಲರಿಗಿಂತ ಮುಂಚೆ ಹೋಗಿ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಚೈನ್ ಹಾಕೋದು, ಹೋಸನ್ನ ಅಲ್ಲಲ್ಲಿ ಬಗ್ಗಿಸಿ ಬಿರುಕು ಬಿಟ್ಟಿದ್ಯಾ ನೋಡೋದು, ರೆಗ್ಯುಲೇಟರ್ ನಟ್ ಟೈಟ್ ಮಾಡೋದು (ಎಡಗಡೆಗೆ ತಿರುಗಿಸ್ಬೇಕು, ಹೊಸಬರು ಉಲ್ಟಾ ತಿರುಗಿಸಿ ಥ್ರೆಡ್ ಹಾಳು ಮಾಡ್ತಾರೆ), ಆಮೇಲೆ ಒಂದು ಹಳೇ ಪೇಂಟ್ ಬ್ರಷ್ ತಗೊಂಡು ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಸವರೋದು. ಒಂದು ನಿಮಿಷ ಸುಮ್ನೆ ಕೂತು ನೋಡ್ತೀನಿ. ಗುಳ್ಳೆ ಏಳಲಿಲ್ಲ ಅಂದ್ರೆ ಮಾತ್ರ ಹಚ್ಚೋದು. ಬಟನ್ ಒತ್ತಿ ಹಿಡ್ಕೊಂಡು 20 ಎಣಿಸ್ಬೇಕು, ಭುಸ್ ಅಂತ ಹತ್ಕೊಳುತ್ತೆ, ಹತ್ತು ನಿಮಿಷಕ್ಕೆ ಜಾಕೆಟ್ ಬಿಚ್ಚೋ ಹಾಗಾಗುತ್ತೆ.

ಎರಡನೇ ಚಳಿಗಾಲದಲ್ಲಿ ಈ ಬಟನ್ನೇ ತಲೆನೋವಾಯ್ತು. 20 ಎಣಿಸಿ ಬಿಟ್ರೆ ಟಪ್ ಅಂತ ಆಫ್. ಮತ್ತೆ ಒತ್ತು, ಮತ್ತೆ ಆಫ್. ಬಟನ್ ಇರೋದು ಹೆಬ್ಬೆರಳ ತುದಿಯಷ್ಟು, ಗ್ಲೌಸ್ ಹಾಕ್ಕೊಂಡು ಒತ್ತಕ್ಕಾಗಲ್ಲ, ಬರಿಗೈಲಿ ಒತ್ತಿದ್ರೆ ಬೆರಳು ಜೋಮು ಹಿಡಿಯುತ್ತೆ. ಒಂದಿನ ಟೀ ಕುಡಿದು ವಾಪಸ್ ಬಂದು ನೋಡ್ತೀನಿ, ನಮ್ಮ ಹುಡುಗ ಒಬ್ಬ ಬಟನ್ ಒತ್ತಿಟ್ಟು ಅದರ ಮೇಲೆ ಬೈಂಡಿಂಗ್ ವೈರ್ ಸುತ್ತಿ ಬಿಗಿದುಬಿಟ್ಟಿದಾನೆ. "ಅಣ್ಣಾ, ಈಗ ಆಫ್ ಆಗ್ತಾನೇ ಇಲ್ಲ" ಅಂತ ಖುಷಿಯಾಗಿ ಹೇಳ್ದ. ನಂಗೆ ಎದೆ ಝಲ್ ಅಂತು. ಓಡಿಹೋಗಿ ಸಿಲಿಂಡರ್ ವಾಲ್ವ್ ಮುಚ್ಚಿದೆ.

ಯಾಕೆ ಅಂದ್ರೆ ಆ ಬಟನ್ ಹಿಂದೆ ಇರೋದು ಥರ್ಮೋಕಪಲ್. ಉರಿ ಅದರ ತುದಿನ ಕಾಯಿಸ್ತಾ ಇದ್ರೆ ಸಣ್ಣ ಕರೆಂಟ್ ಹುಟ್ಟಿ ಗ್ಯಾಸ್ ವಾಲ್ವನ್ನ ತೆರೆದು ಹಿಡಿಯುತ್ತೆ, ಉರಿ ಆರಿದ್ರೆ ತುದಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಕೊಳುತ್ತೆ. ವೈರ್ ಬಿಗಿದ್ರೆ ಉರಿ ಆರಿದ್ರೂ ಗ್ಯಾಸ್ ಬರ್ತಾನೇ ಇರುತ್ತೆ, ಈ ಸೈಜ್ ಹೀಟರ್‌ಗೆ ಗಂಟೆಗೆ ಒಂದು ಕೆಜಿ ಮೇಲೇ ಹೋಗುತ್ತೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಮೇಲೆ ಹೋಗಲ್ಲ, ನೆಲದಲ್ಲೇ ಹರಿದು ಲಿಫ್ಟ್ ಗುಂಡಿಗೋ ಬೇಸ್ಮೆಂಟ್‌ಗೋ ಇಳಿದು ಕೂತಿರುತ್ತೆ. ಗಾಳಿಲಿ 2 ಪರ್ಸೆಂಟ್ ಚಿಲ್ಲರೆ ಸೇರಿದ್ರೆ ಸಾಕು, ಒಂದು ಕಿಡಿಗೆ ಹತ್ಕೊಳುತ್ತೆ.

ಹುಡುಗನಿಗೆ ಚೆನ್ನಾಗಿ ಬೈದೆ, ಆದ್ರೆ ರಾತ್ರಿ ಯೋಚನೆ ಮಾಡಿದ್ರೆ ತಪ್ಪು ಅವನೊಬ್ಬನದೇ ಅಲ್ಲ ಅನ್ನಿಸ್ತು. ಮಾರನೇ ದಿನ ಮುಂದಿನ ಗ್ರಿಲ್ ಬಿಚ್ಚಿ ನೋಡ್ದೆ. ಥರ್ಮೋಕಪಲ್ ತುದಿ ಮೇಲೆ ಪ್ಲಾಸ್ಟರ್ ಧೂಳು ಸುಟ್ಟು ಬಿಳಿ ಸುಣ್ಣದ ಹಾಗೆ ಕಟ್ಕೊಂಡಿತ್ತು, ಕಡ್ಡಿನೂ ಸ್ವಲ್ಪ ಬಗ್ಗಿ ಉರಿಯಿಂದ ಆಚೆ ಸರಿದಿತ್ತು. ನುಣ್ಣನೆ ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಜಾಗಕ್ಕೆ ಕೂರಿಸಿ, ಹಿಂದಿನ ನಟ್ ಬಿಗಿ ಮಾಡ್ದೆ, ಒಂದೇ ಸಲಕ್ಕೆ ಹತ್ಕೊಂಡು ಆರದೇ ಉರೀತು. ಅರ್ಧ ಗಂಟೆ ಕೆಲಸ! ಇದನ್ನ ಮ್ಯಾನುಯಲ್‌ನಲ್ಲಿ ಒಂದು ಸಾಲು ಬರೆದಿದ್ರೆ ಏನು ಹೋಗ್ತಿತ್ತು? ಸೈಟ್ ಅಂದ್ಮೇಲೆ ಧೂಳು ಇರದೇ ಇರುತ್ತಾ? ಸೈಟ್‌ಗೇ ಅಂತ ಮಾರೋ ಹೀಟರ್‌ಗೆ ಗ್ಲೌಸಲ್ಲಿ ಒತ್ತೋಕಾಗೋ ಬಟನ್ ಕೊಡ್ಬೇಕಿತ್ತು, ಇದು ನನ್ನ ದೊಡ್ಡ ಕಂಪ್ಲೇಂಟ್.

ಇನ್ನೊಂದು, ಪ್ಲಾಸ್ಟರ್ ಬೇಗ ಒಣಗುತ್ತೆ ಅಂತ ತಗೊಳೋರು ಕೇಳಿ. ಒಂದು ಕೆಜಿ ಪ್ರೊಪೇನ್ ಉರಿದ್ರೆ ಸುಮಾರು 1.6 ಕೆಜಿ ನೀರಾವಿ ಅದೇ ರೂಮಿಗೆ ಬರುತ್ತೆ. ಮುಚ್ಚಿಟ್ಟು ಉರಿಸಿದ್ರೆ ಗೋಡೆ ಬೆವರುತ್ತೆ ಅಷ್ಟೇ. ಹೊಸದಾಗಿ ಹಾಕಿದ ಕಾಂಕ್ರೀಟ್ ನೆಲದ ಹತ್ರ ಅಂತೂ ಬೇಡ, ಹೊಗೆಲಿರೋ ಕಾರ್ಬನ್ ಡೈಆಕ್ಸೈಡ್ ತಗುಲಿ ಮೇಲ್ಪದರ ಮೆತ್ತಗಾಗಿ ಆಮೇಲೆ ಗುಡಿಸಿದಷ್ಟೂ ಪುಡಿ ಬರ್ತಾನೇ ಇರುತ್ತೆ.

ಕಳೆದ ಚಳಿಗಾಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ತಗೊಂಡೆ. ಅದಕ್ಕಿಂತ ಮುಂಚೆ, ಗಾಳಿ ಬರ್ಬಾರ್ದು ಅಂತ ಸುತ್ತ ಪ್ಲಾಸ್ಟಿಕ್ ಶೀಟ್ ಕಟ್ಟಿದ ದಿನ ಮೂರು ಜನಕ್ಕೂ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿತಾ ಇತ್ತು, ಥಂಡಿ ಹಿಡ್ದಿದೆ ಅನ್ಕೊಂಡ್ವಿ. ಆಮೇಲೊಂದಿನ ಅದೇ ಥರ ಕಟ್ಟಿದಾಗ ಅಲಾರ್ಮ್ ಬಡ್ಕೊಳ್ತು, ಆಗ ಗೊತ್ತಾಯ್ತು. ಗಾಳಿ ಸಾಲದೇ ಉರಿದ್ರೆ ಬರೋ ಈ ವಿಷದ ಗ್ಯಾಸ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳುತ್ತೆ. ಈಗ ಶೀಟ್ ಕಟ್ಟಿದ್ರೂ ಕೆಳಗೊಂದು ಮೇಲೊಂದು ದಾರಿ ಬಿಟ್ಟೇ ಹಚ್ಚೋದು. ಊಟ ಮಾಡಿ ಮಲಗೋ ರೂಮಿಗೆ ಹೀಟರ್ ತರೋಕೆ ನಾನು ಬಿಡೋದೇ ಇಲ್ಲ, ಯಾರು ಎಷ್ಟು ಕೇಳಿದ್ರೂ.

ತುಂಬ ಚಳಿ ಇದ್ದಾಗ ಸಣ್ಣ ಸಿಲಿಂಡರ್ ಮೇಲೆ ಮಂಜು ಕಟ್ಟಿ ಉರಿ ಡಲ್ ಆಗುತ್ತೆ, ಒಳಗಿನ ಲಿಕ್ವಿಡ್ ಗ್ಯಾಸ್ ಆಗೋಕೆ ಬೇಕಾದ ಶಾಖ ಸಿಗ್ತಿಲ್ಲ ಅಂತ ಅರ್ಥ. ಹೀಟರನ್ನೇ ಸಿಲಿಂಡರ್ ಕಡೆ ತಿರುಗಿಸೋರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ದೊಡ್ಡ ಸಿಲಿಂಡರ್ ತಗೊಳ್ಳಿ. ನನ್ನ ಬಜೆಟ್‌ಗೆ ಅದು ಭಾರನೇ ಆಯ್ತು, ಆದ್ರೂ ತಗೊಂಡೆ.

ಗಾಳಿ ಆಡೋ ಜಾಗದಲ್ಲಿ ಕೈ ಬೆಚ್ಚಗಿಟ್ಕೊಂಡು ಕೆಲಸ ಮಾಡೋಕೆ ಇದು ಒಳ್ಳೆ ಮಾಲೇ, ಕೆಟ್ಟುಹೋದ್ರೆ ಮತ್ತೆ ಇದನ್ನೇ ತಗೋತೀನಿ. ಈಗ ಟೂಲ್ ಬಾಕ್ಸಲ್ಲಿ ಯಾವಾಗ್ಲೂ ಒಂದು ಸ್ಪೇರ್ ಥರ್ಮೋಕಪಲ್ ಇರುತ್ತೆ, ಪ್ರತಿ ಶನಿವಾರ ಗ್ರಿಲ್ ಬಿಚ್ಚಿ ಧೂಳು ತೆಗೆಯೋದು ಆ ವೈರ್ ಕಟ್ಟಿದ ಹುಡುಗನೇ.